ದಂಡನಾಯಕನ ಕಿಸೆ

ಚಕ್ರವರ್ತಿಗಳಿಗೆ ನೆಗಡಿ ಆಗುತ್ತಿರಲಿಲ್ಲವೇ? ನಮ್ಮ ನಾಡಿನ ಯಾವ ಹಳೆಯ ಗುಡಿಯ ಗೋಡೆಯನ್ನಾದರೂ ನೋಡಿರಿ. ರಾಜನ ತಲೆಗೆ ಕಿರೀಟ, ಕೊರಳಿಗೆ ಮಣಭಾರದ ಹಾರ, ತೋಳಿಗೆ ಬಂದಿ. ಅಂಗಿ ಮಾತ್ರ ಇಲ್ಲ. ಅವರೇನೋ ಕಲ್ಲಿನವರು, ನಿಂತಾರು. ನಾನು ಧಾರವಾಡದ ಕನ್ನಡ ಸಾಲೆಯ ಮಾಸ್ತರ. ದೀಪಾವಳಿಯ ಮರುದಿನ ಕೊರಳಿಗೆ ಸುತ್ತಿದ ಮಫಲರನ್ನು ಹೋಳಿ ಹುಣ್ಣಿಮೆಗೆ ಬಿಚ್ಚುವ ಮನುಷ್ಯ. ಇಂಥ ನಾನು ಪುಷ್ಯಮಾಸದ ನಸುಕಿನಲ್ಲಿ ಬರಿಮೈಯಲ್ಲಿ ಇತಿಹಾಸದ ಸೇವೆ ಮಾಡುವುದು ಹೇಗೆ?

ಈ ಸಂಕಟವನ್ನು ನಾನೇ ತಂದುಕೊಂಡದ್ದು. ನಮ್ಮದೊಂದು ಶನಿವಾರದ ಬಳಗವಿದೆ. ಮಾಸ್ತರರು, ಕಾರಕೂನರು ಸೇರಿ ಒಂಬತ್ತು ಜನ. ನಮಗೆಲ್ಲ ಹಿರಿಯರು ಗೋವಿಂದಪ್ಪ ಮಾಸ್ತರರು. ಪೆನ್ಶನ್ ಆದ ಮೇಲೂ ಊರೂರು ತಿರುಗಿ ಶಾಸನ ಓದುವವರು, ಕಲ್ಲಿನ ಮೇಲಿನ ಒಂದೊಂದು ಗೀರಿಗೂ ಅರ್ಥ ಹೇಳಬಲ್ಲವರು. ಚಳಿಗಾಲ ಬಂತೆಂದರೆ ನಾಲ್ಕು ರವಿವಾರ ನಮ್ಮ ಹೊರಸಂಚಾರ. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು: ಸಂಕ್ರಾಂತಿ ಮುಗಿದ ರವಿವಾರ ಉಪ್ಪಿನಬೆಟಗೇರಿಯಲ್ಲಿ ಗೋವಿಂದಪ್ಪನವರ ಹೊಲಕ್ಕೆ ಹೋಗಿ ಸೀತನಿ ತಿನ್ನುವುದು. (ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಉದುರಿದ ಕಾಳನ್ನು ಬಿಸಿಬಿಸಿ ಬಾಯಿಗೆ ಹಾಕಿಕೊಳ್ಳುವುದು. ಇದನ್ನು ತಿನ್ನದೆ ಸತ್ತವರ ಬಗ್ಗೆ ನನಗೆ ನಿಜವಾಗಿ ಕನಿಕರವಿದೆ.)

ಈ ಸಲ ಮಹಾನವಮಿಯ ಮರುದಿನದ ಸಭೆಯಲ್ಲಿ ನನಗೊಂದು ಭವ್ಯ ವಿಚಾರ ಹೊಳೆಯಿತು. ಎದ್ದು ನಿಂತು, ಈ ವರ್ಷದ ಸಂಚಾರಗಳಿಗೆ ಎಲ್ಲರೂ ಪೂರ್ವಿಕರ ಉಡುಪಿನಲ್ಲೇ ಬರಬೇಕೆಂದು ಸೂಚಿಸಿದೆ. ಚಪ್ಪಾಳೆ ಬಿತ್ತು. ಗೋವಿಂದಪ್ಪನವರಿಗಂತೂ ಕಣ್ಣಲ್ಲಿ ನೀರು ಬಂತು. ಯಾರ ವೇಷ ಅಪ್ಪಟವೆಂದು ತಾವು ತೀರ್ಮಾನಿಸುವರೋ ಅವರು ಶೃಂಗರಿಸಿದ ಚಕ್ಕಡಿಯ ಮೇಲೆ ಕೂತು ಮೊದಲ ಹಿಡಿ ಸೀತನಿ ತಿನ್ನಬೇಕೆಂದು ಅಪ್ಪಣೆ ಮಾಡಿದರು. ಆಗ ಪೋಸ್ಟಿನ ಕಾರಕೂನ ಯಂಕಣ್ಣ ನನ್ನ ಕಡೆ ನೋಡಿ, 'ಗಿರಿಯಪ್ಪ ಮಾಸ್ತರರ ವೇಷವನ್ನಂತೂ ನೋಡಲೇಬೇಕು' ಎಂದ. ಅಂದ ಮಾತಿಗಿಂತ ಅಂದ ರೀತಿ ನನಗೆ ಹತ್ತಿತು. ಆ ಚಕ್ಕಡಿಯ ಮೇಲೆ ನಾನು ಕೂರದಿದ್ದರೆ ಇನ್ನು ಹತ್ತು ವರ್ಷ ಯಂಕಣ್ಣನ ಎದುರಿಗೆ ಒಂದು ಕಾರ್ಡು ಕೊಳ್ಳಲೂ ಮುಖವಿರುವುದಿಲ್ಲ ಎಂದು ತಿಳಿದು ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಸಾವಕ್ಕ ಎಲ್ಲವನ್ನೂ ಕೇಳಿಕೊಂಡಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಕೇಳಿದಳು.

"ಈ ಸಲ ನಾನೂ ಬರ್ಲೇನ್ರಿ?"

ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಹನ್ನೊಂದು ವರ್ಷವೂ ಸೀತನಿಗೆ ನೆಂಚಿಕೊಳ್ಳುವ ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಬೆಲ್ಲ, ಗಟ್ಟಿ ಮೊಸರು ಎಲ್ಲವೂ ಅವಳ ಕೈಯಿಂದಲೇ ಹೋಗಿವೆ. ಬುತ್ತಿ ಹೋಗಿ ಬಂದಿದೆ, ಕಟ್ಟಿದವಳು ಹೋಗಿಲ್ಲ. ಬಳಗದಲ್ಲಿ ಹೆಂಗಸರನ್ನು ಕರೆದೊಯ್ಯುವ ರೂಢಿಯಿರಲಿಲ್ಲ, ಅಷ್ಟೇ. ಸಾಲೆಯಲ್ಲಿ ಹುಡುಗರಿಗೆ ನೇರವಾಗಿ ಇಲ್ಲವೆನ್ನದೆ ನಿಯಮ ತೋರಿಸಿ ಅಭ್ಯಾಸವಾದ ನಾನು ಇಲ್ಲಿಯೂ ಅದನ್ನೇ ಮಾಡಿದೆ.

"ವೇಷ ಇದ್ದವ್ರಿಗಷ್ಟ ಪ್ರವೇಶ ಅಂತ ಠರಾವು ಆಗೇತಿ," ಎಂದೆ.

"ಹೌದೇನ್ರಿ," ಎಂದು ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ವಿಷಯ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. (ಲಗ್ನವಾದ ಗಂಡಸರು ಇಲ್ಲಿ ಸ್ವಲ್ಪ ನಗಬಹುದು.)

ಮರುದಿನವೇ ಇನ್ನೂರು ಪುಟದ ಒಂದು ನೋಟಬುಕ್ಕು ತಂದು, ಮೇಲೆ ದುಂಡಗೆ 'ಪುರಾತನ ವೇಷ ನಿರ್ಮಾಣ ಮಹಾಯೋಜನೆ' ಎಂದು ಬರೆದೆ. ದೀಪಾವಳಿಯ ಹೊತ್ತಿಗೆ ಮೂರನೆಯ ಅಧ್ಯಾಯಕ್ಕೆ ಬಂದಿದ್ದೆ. ಪೂರ್ವಿಕರು ಗುಂಡಿ ಹಚ್ಚುತ್ತಿದ್ದರೋ ಕಸೆ ಕಟ್ಟುತ್ತಿದ್ದರೋ ಎಂಬುದಕ್ಕೇ ಹದಿನಾಲ್ಕು ಪುಟ ಹಿಡಿಯಿತು. ಬಣ್ಣದ ಬಗ್ಗೆ ಆರು ಪುಟ. ಆದರೆ ಮುಖ್ಯ ಪ್ರಶ್ನೆ ಹಾಗೆಯೇ ಇತ್ತು: ಅಂಗಿ ತೊಟ್ಟ ಒಬ್ಬ ಪೂರ್ವಿಕ ಬೇಕು. ಬಳಗದ ಪೆಟ್ಟಿಗೆಯಲ್ಲಿ ಹಂಪಿಯ ಪ್ರವಾಸದಲ್ಲಿ ತೆಗೆಸಿದ ಶಿಲ್ಪಗಳ ಮೂವತ್ತು ಫೋಟೋಗಳಿದ್ದವು. ಇಪ್ಪತ್ತೊಂಬತ್ತರಲ್ಲಿ ಬರಿಮೈ. ಮೂವತ್ತನೆಯದರಲ್ಲಿ, ಆಹಾ, ಒಬ್ಬ ಮಹಾಶಯ ನಿಂತಿದ್ದ. ಮುಂಗೈವರೆಗೆ ತೋಳು, ಮೊಣಕಾಲವರೆಗೆ ಇಳಿದ ನಿಲುವಂಗಿ, ನಡುವಿಗೆ ಬಿಗಿದ ಪಟ್ಟಿ, ತಲೆಗೆ ಉದ್ದನೆಯ ಟೊಪ್ಪಿಗೆ. ಪಕ್ಕದಲ್ಲಿ ಒಂದು ಕುದುರೆ. ಪೂರಾ ಬೆಚ್ಚಗಿದ್ದ. ಅವನನ್ನು ನಾನು ವಿಜಯನಗರದ ದಂಡನಾಯಕನೆಂದು ಆ ಕ್ಷಣವೇ ನಿಶ್ಚಯಿಸಿದೆ.

ಫೋಟೋ ತಂದು ಸಾವಕ್ಕನಿಗೆ ತೋರಿಸಿದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ದಂಡನಾಯಕ ಆದ್ರ ಕುದರಿ ಮ್ಯಾಲ ಯಾಕ ಕುಂತಿಲ್ಲರಿ?"

"ಈಗಷ್ಟ ಇಳದಾನ."

"ಇಳದಾಂವ ಹಗ್ಗ ಯಾಕ ಹಿಡದಾನ?"

"ಅದು ಲಗಾಮ. ಕುದರಿ ಮ್ಯಾಲಿನ ಪ್ರೀತಿ."

ಅವಳು ಇನ್ನೊಂದು ಸಲ ಫೋಟೋ ನೋಡಿದಳು, ಆಮೇಲೆ ನನ್ನನ್ನು ನೋಡಿ ಫೋಟೋ ತಿರುಗಿ ಕೊಟ್ಟಳು. ಪಕ್ಕದ ಮನೆಯ ಟಾಂಗಾದ ಅಲ್ಲಾಸಾಬನಿಗೂ ತೋರಿಸಿದೆ. ಅವನಿಗೆ ಬಹಳ ಸಂತೋಷವಾಯಿತು. ಈ ಮನುಷ್ಯನಿಗೆ ಕುದುರೆ ಹಿಡಿಯಲು ಚೆನ್ನಾಗಿ ಬರುತ್ತದೆ, ಕೈ ನೋಡಿದರೇ ಗೊತ್ತಾಗುತ್ತದೆ ಎಂದ. ದಂಡನಾಯಕನಿಗೆ ಬಾರದೆ ಇನ್ನಾರಿಗೆ ಬರಬೇಕು?

ಇನ್ನು ಅಳತೆ. ಫೋಟೋದಲ್ಲಿ ದಂಡನಾಯಕ ಎರಡೂಕಾಲು ಇಂಚು ಇದ್ದ. ನಾನು ಐದಡಿ ನಾಲ್ಕಿಂಚು. ತ್ರೈರಾಶಿ ಹಾಕಿ ಲೆಕ್ಕ ಮಾಡಿದರೆ ತೋಳಿನ ಉದ್ದ ಒಮ್ಮೆ ಮೂರಡಿ ಬಂತು, ಮತ್ತೊಮ್ಮೆ ಹನ್ನೊಂದು ಇಂಚು. ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲಿ ಎಳ್ಳಮಾವಾಸ್ಯೆ ಬಂದುಹೋಯಿತು. ಸಂಕ್ರಾಂತಿಗೆ ಎಂಟು ದಿನ ಇರುವಾಗ ಬಟ್ಟೆ ಕೂಡ ತಂದಿಲ್ಲವೆಂಬುದು ನನಗೆ ನೆನಪಾಯಿತು. ಯಂಕಣ್ಣನ ಮುಖ ಕಣ್ಣೆದುರಿಗೆ ಬಂತು. ನೋಟಬುಕ್ಕು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಸಾವಕ್ಕನ ಮುಂದೆ ನಿಂತೆ.

ಅವಳು ನೋಟಬುಕ್ಕನ್ನು ತೆರೆಯಲೂ ಇಲ್ಲ. ನಾನು ಊಟಕ್ಕೆ ಕೂತಾಗ ಹಿಂದಿನಿಂದ ಬೆನ್ನಿನ ಮೇಲೆ ಎರಡು ಗೇಣು, ತೋಳಿನ ಮೇಲೆ ಮೂರು ಗೇಣು ಹಾಕಿದಳು. (ಪ್ರೀತಿಯಿಂದ ಬೆನ್ನು ಸವರುತ್ತಿದ್ದಾಳೆಂದು ತಿಳಿದು ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.) ಪೇಟೆಯಿಂದ ಕೈಮಗ್ಗದ ದಪ್ಪ ಬಟ್ಟೆ ತರಿಸಿದಳು. ನನ್ನ ಆರು ಪುಟದ ವರ್ಣಮೀಮಾಂಸೆಗೆ ಉತ್ತರವಾಗಿ ದಾಳಿಂಬೆಯ ಸಿಪ್ಪೆಯನ್ನು ಪಟಿಕದ ಜೊತೆ ಕುದಿಸಿ ಬಟ್ಟೆ ಅದ್ದಿ ತೆಗೆದಳು. ಎಂಥ ಬಣ್ಣ ಬಂತೆನ್ನುತ್ತೀರಿ! ಹಳೆಯ ತಾಳೆಗರಿಯ ಬಣ್ಣ. ಮುಂದಿನ ನಾಲ್ಕು ದಿನ ಮಧ್ಯಾಹ್ನವೆಲ್ಲ ಅಲ್ಲಾಸಾಬನ ಹೆಂಡತಿ ಶರೀಫಾಬಿಯ ಮನೆಯಲ್ಲಿ, ಅವಳ ಹೊಲಿಗೆಯ ಮಿಶನ್ನಿನ ಮುಂದೆ ಕಳೆದಳು. ಆ ಮನೆಯಿಂದ ಮಿಶನ್ನಿನ ಸದ್ದಿಗಿಂತ ಇಬ್ಬರ ನಗುವೇ ಹೆಚ್ಚು ಕೇಳುತ್ತಿತ್ತು. ನಾನು ಮೇಲ್ವಿಚಾರಣೆಗೆಂದು ಹೋದರೆ ನಗು ನಿಂತು ಮಿಶನ್ನಿನ ಸದ್ದು ಜೋರಾಗುತ್ತಿತ್ತು.

ಐದನೆಯ ದಿನ ಅಂಗಿ ತೊಡಿಸಿದಳು. ನಾನು ನನ್ನ ಹೆಂಡತಿಯನ್ನು ಹೊಗಳುವ ಸ್ವಭಾವದವನಲ್ಲ. ಆದರೆ ಇಲ್ಲಿ ಖರೆ ಹೇಳಬೇಕು. ಫೋಟೋದಲ್ಲಿದ್ದ ಒಂದೊಂದು ನೆರಿಗೆಯೂ ಅದರಲ್ಲಿತ್ತು. ಒಳಗಡೆ ಹಳೆಯ ಕೌದಿಯನ್ನು ಬಿಚ್ಚಿ ಅಸ್ತರು ಕೊಟ್ಟು, ಅದು ಸರಿಯದಂತೆ ಸಣ್ಣ ಸಣ್ಣ ಕೈಹೊಲಿಗೆ ಹಾಕಿದ್ದಳು. ಎಣಿಸಲು ಹೋಗಿ ಒಂದು ತೋಳಿನಲ್ಲೇ ಸೋತೆ. ಜನ್ಮದಲ್ಲಿ ಮೊದಲ ಸಲ ಪುಷ್ಯಮಾಸದಲ್ಲಿ ನನಗೆ ಸೆಕೆಯಾಯಿತು. ಟೊಪ್ಪಿಗೆ ನೆಟ್ಟಗೆ ನಿಲ್ಲಲು ಒಳಗೆ ಏನಾದರೂ ಗಟ್ಟಿ ಬೇಕೆಂದು, ನೋಟಬುಕ್ಕಿನ ಕೆಲಸ ಮುಗಿಯಿತೇ ಎಂದು ಕೇಳಿದಳು. ಮುಗಿದಿತ್ತು. ಮಹಾಯೋಜನೆಯ ಹಾಳೆಗಳಿಗೆ ಗಂಜಿ ಹಚ್ಚಿ ಸುರುಳಿ ಸುತ್ತಿ ಟೊಪ್ಪಿಗೆಯೊಳಗೆ ಕೂರಿಸಿದಳು. ಹೀಗೆ ನನ್ನ ಸಂಶೋಧನೆಯೆಲ್ಲ ನನ್ನ ತಲೆಯ ಮೇಲೆಯೇ ಉಳಿಯಿತು.

ಒಂದೇ ಒಂದು ಆಕ್ಷೇಪಣೆ ಇತ್ತು. ಬಲಗಡೆ, ನಡುಪಟ್ಟಿಯ ಕೆಳಗೆ, ಒಂದು ದೊಡ್ಡ ಕಿಸೆ ಹಚ್ಚಿದ್ದಳು. ಶಿಲ್ಪದಲ್ಲಿ ಕಿಸೆಯಿಲ್ಲ, ಗೋವಿಂದಪ್ಪ ಮಾಸ್ತರರು ಹಿಡಿದಾರು ಎಂದೆ.

"ಕಲ್ಲಿನ್ಯಾಂವಗ ಬೇಕಾಗಿಲ್ಲರಿ. ನಿಮಗ ಬೇಕಾಗತೈತಿ," ಎಂದಳು.

ಸಂಕ್ರಾಂತಿಯ ನಂತರದ ರವಿವಾರ ನಸುಕಿನಲ್ಲಿ ಅಲ್ಲಾಸಾಬನ ಟಾಂಗಾ ಬಾಗಿಲಿಗೆ ಬಂತು. ನಾನು ಹೊರಗೆ ಬಂದೆ. ಅಲ್ಲಾಸಾಬ ನನ್ನನ್ನು ಕೆಳಗಿನಿಂದ ಮೇಲೆ ನೋಡಿ ತನ್ನ ತಮ್ಮನನ್ನು ಕಂಡವನಂತೆ ಮುಗುಳ್ನಕ್ಕ. ಬುತ್ತಿಯ ಗಂಟು ಎಲ್ಲಿ ಎಂದು ಕೇಳಲು ಒಳಗೆ ತಿರುಗಿದೆ. ಗಂಟು ಬಂತು. ಗಂಟಿನ ಹಿಂದೆ ಸಾವಕ್ಕನೂ ಬಂದಳು.

ಮದುವೆಯಾಗಿ ತವರೂರು ಮುಗದದಿಂದ ಬರುವಾಗ ಅವಳು ತಂದ ಒಂದು ತಗಡಿನ ಟ್ರಂಕು ಮಂಚದ ಕೆಳಗಿದೆ. ಹನ್ನೊಂದು ವರ್ಷ ಅದರ ಮೇಲೆ ನಾನು ನನ್ನ ಪುಸ್ತಕ ಇಟ್ಟಿದ್ದೇನೆ, ಒಳಗೆ ಏನಿದೆಯೆಂದು ಕೇಳಿಲ್ಲ. ಅವಳ ಮುತ್ತಜ್ಜಿಯ ಸೀರೆ ಅದರಲ್ಲಿತ್ತಂತೆ. ಅದನ್ನು ಮುತ್ತಜ್ಜಿಯ ಹಾಗೆಯೇ ಕಚ್ಚೆ ಹಾಕಿ ಉಟ್ಟಿದ್ದಳು. ಮೇಲೆ ಹಳೆಯ ಖಣದ ಕುಪ್ಪಸ, ನಡುವಿಗೆ ಬೆಳ್ಳಿಯ ಡಾಬು, ತೋಳಿಗೆ ಸವೆದ ವಂಕಿ, ತುರುಬಿನ ಮೇಲೊಂದು ಕೇದಿಗೆಯ ಬಿಲ್ಲೆ. ಬೀದಿಯಲ್ಲಿ ಬೆಳಕು ಹರಿಯುತ್ತಿತ್ತು. ನನ್ನ ಹೆಂಡತಿ ಇಷ್ಟು ಎತ್ತರವಿದ್ದಾಳೆಂದು ನನಗೆ ಅಂದೇ ತಿಳಿದದ್ದು.

"ವೇಷ ಐತಲ್ಲರಿ," ಎಂದು ಹೇಳಿ ಅವಳು ಟಾಂಗಾ ಹತ್ತಿ ಕೂತಳು. ಶರೀಫಾಬಿ ತನ್ನ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನ್ನದೇ ಠರಾವು, ನಾನೇನು ಹೇಳಲಿ?

ಹೊಲದಲ್ಲಿ ಬಳಗ ಆಗಲೇ ಕೂಡಿತ್ತು. ಯಂಕಣ್ಣ ಚಾಲುಕ್ಯ ಚಕ್ರವರ್ತಿಯಾಗಿ ಬಂದಿದ್ದ: ಬರಿಮೈ, ರಟ್ಟಿನ ಕಿರೀಟ, ಕಂಬಳಿ ಹೊದ್ದು ಕೆಂಡದ ಪಕ್ಕದಲ್ಲೇ ಸಾಮ್ರಾಜ್ಯ ಸ್ಥಾಪಿಸಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು. ನನ್ನ ಬೆಚ್ಚನೆಯ ತೋಳುಗಳನ್ನು ನೋಡಿ ಅವನ ಮುಖ ಸಣ್ಣದಾಯಿತು. ಚಕ್ಕಡಿ ನನ್ನದೇ ಎಂದುಕೊಂಡೆ.

ಗೋವಿಂದಪ್ಪನವರು ಭೂತಗನ್ನಡಿ ಹಿಡಿದು ಬಂದರು. ಮೊದಲು ಸಾವಕ್ಕನ ಮುಂದೆ ನಿಂತರು. ವಂಕಿಯನ್ನು ನೋಡಿದರು, ಡಾಬಿನ ಕೆತ್ತನೆ ನೋಡಿದರು, ಕಚ್ಚೆಯ ನೆರಿಗೆ ಹೇಗೆ ಹಾಕಿದ್ದೆಂದು ಕೇಳಿದರು. ಅವಳು ಒಂದೊಂದನ್ನೂ ಹೇಳಿದಳು: ಇದು ಯಾರದು, ಅವರಿಗೆ ಯಾರಿಂದ ಬಂತು, ಯಾವ ಹಬ್ಬಕ್ಕೆ ಹೇಗೆ ಉಡುತ್ತಿದ್ದರು, ತನ್ನ ಟ್ರಂಕಿಗೆ ಹೇಗೆ ಬಂತು. ಒಂದು ಮಾತಿಗೂ ತಡವರಿಸಲಿಲ್ಲ. ಮುದುಕರು ಭೂತಗನ್ನಡಿಯನ್ನು ನಡುವಿಗೆ ಸಿಕ್ಕಿಸಿ ಕೈ ಮುಗಿದರು.

"ನಲವತ್ತು ವರ್ಷ ಕಲ್ಲಿನ್ಯಾಗ ಹುಡಿಕಿದ್ನೆವ್ವಾ ಇದನ್ನ. ನಿನ್ನ ಟ್ರಂಕಿನ್ಯಾಗ ಇತ್ತು."

ಆಮೇಲೆ ನನ್ನ ಕಡೆ ತಿರುಗಿದರು. ನಾನು ಎದೆಯುಬ್ಬಿಸಿ ಫೋಟೋ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು.

"ಹೊಲಿಗಿ ಅಪ್ಪಟ ಐತಿ ಗಿರಿಯಪ್ಪ. ಒಂದು ಎಳಿ ತಪ್ಪಿಲ್ಲ. ಆದರ ಇಂವಾ ದಂಡನಾಯಕ ಅಲ್ಲಪಾ. ಇಂವಾ ಕುದರಿ ಕಾಯಾಂವಾ."

ಯಂಕಣ್ಣ ನಕ್ಕ ನಗುವಿಗೆ ಕಂಬಳಿ ಜಾರಿ ಕೆಂಡದ ಹತ್ತಿರ ಬಿತ್ತು. ಚಕ್ರವರ್ತಿ ಪೂರಾ ಬಯಲಿಗೆ ಬಿದ್ದರೂ ಅವನಿಗೆ ಚಳಿಯ ಪರಿವೆ ಇರಲಿಲ್ಲ. ನಾನು ಟೊಪ್ಪಿಗೆಯನ್ನು ಹುಬ್ಬಿನ ತನಕ ಎಳೆದುಕೊಂಡೆ.

ಸಾವಕ್ಕನನ್ನು ಚಕ್ಕಡಿಯ ಮೇಲೆ ಕೂರಿಸಿದರು. ಗೋವಿಂದಪ್ಪನವರೇ ತೆನೆ ಬಡಿದು, ಊದಿ, ಮೊದಲ ಹಿಡಿ ಕಾಳನ್ನು ಅವಳ ಬೊಗಸೆಗೆ ಹಾಕಿದರು. ಅವಳು ಒಂದಿಷ್ಟು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಹೊಲದಲ್ಲೇ ಹುಟ್ಟಿ ಬೆಳೆದವಳು. ಹನ್ನೊಂದು ವರ್ಷ ಈ ರುಚಿಯನ್ನು ನಾನು ಒಬ್ಬನೇ ತಿಂದು ಮನೆಗೆ ಹೋಗಿ ವರ್ಣಿಸಿದ್ದೆ. ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹಾಗೆಯೇ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಅಲ್ಲಾಸಾಬನನ್ನೂ ಸೀತನಿಗೆ ಕರೆದರು. ಅವನು ಸೀದಾ ನನ್ನ ಹತ್ತಿರ ಬಂದು ಲಗಾಮನ್ನು ನನ್ನ ಕೈಗೆ ಕೊಟ್ಟ. ನಾಲ್ಕು ಕಾಳು ತಿಂದು ಬರುತ್ತೇನೆ, ಒಂದು ಗಳಿಗೆ ಹಿಡಿಯಿರಿ ಎಂದ. ವೇಷ ನೋಡಿದ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ನಾನು ಹಿಡಿದುಕೊಂಡೆ. ಫೋಟೋದವನ ಹಾಗೆಯೇ ನಿಂತೆ. ಕುದುರೆ ನನ್ನ ನಡುವಿಗೆ ಮೂತಿ ತಂದು, ಮೂಸಿ, ತಿವಿಯತೊಡಗಿತು. ಅದು ಅಂಗಿಯನ್ನೇ ತಿಂದೀತೆಂದು ಹೆದರಿ ನಾನು ಸುತ್ತುತ್ತಿರುವಾಗ ಚಕ್ಕಡಿಯ ಮೇಲಿನಿಂದ ದನಿ ಬಂತು.

"ಕಿಸೇದಾಗ ಕೈ ಹಾಕ್ರಿ."

ಹಾಕಿದೆ. ಕಿಸೆಯ ತುಂಬ ಕಡಲೆ ಇತ್ತು.

ಅಂಗೈಯಲ್ಲಿ ಹಿಡಿದೆ, ಕುದುರೆ ತಿಂದಿತು. ತಲೆಯೆತ್ತಿ ನೋಡಿದರೆ ಸಾವಕ್ಕ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದಳು.

ಇದಾಗಿ ಮೂರು ದಿನವಾಯಿತು. ಅಂದೇ ಹೊಲದಲ್ಲಿ ಬಳಗದ ಹೊಸ ಠರಾವು ಆಗಿದೆ: ಮುಂದಿನ ಸಂಚಾರಕ್ಕೆ ಎಲ್ಲರ ಮನೆಯ ಹೆಣ್ಣುಮಕ್ಕಳೂ ಅಜ್ಜಿಯರ ಉಡುಪಿನಲ್ಲಿ ಬರಬೇಕು, ಗಂಡಸರು ಮೊದಲಿನ ವೇಷವನ್ನು ಬದಲಿಸಕೂಡದು. ಶರೀಫಾಬಿಯೂ ತನ್ನ ಅಜ್ಜಿಯ ಸೀರೆ ತೆಗೆದಿದ್ದಾಳಂತೆ. ನಿನ್ನೆ ಸಾಲೆಯಿಂದ ಬಂದಾಗ ಸಾವಕ್ಕ ನನ್ನ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಎಡಗಡೆಯೂ ಒಂದು ಕಿಸೆ ಹಚ್ಚುತ್ತಿದ್ದಳು. ಒಂದು ಸಾಲದೇ ಎಂದು ಕೇಳಿದೆ.

ಅವಳು ಹಲ್ಲಿನಿಂದ ದಾರ ಕತ್ತರಿಸಿದಳು.

"ಈ ಸಲ ಎರಡು ಟಾಂಗಾ ಬರ್ತಾವರಿ."