ಮಾವನ ಹಳದಿ, ಅಳಿಯನ ಬೂದಿ

ಡ್ರೋನ್ ಹಾರಿಸಿ ವಿಡಿಯೋ ತೆಗೆಯುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಹದ್ದಪ್ಪ ಎಂದೇ ಕರೆಯುತ್ತಿದ್ದರು. ಹದ್ದಪ್ಪ ಮಾಡಿದ ತಪ್ಪು ಇಷ್ಟೇ: ಹಿಂದಿನ ದಿನ ಡ್ರೋನ್ ಮೇಲೇರುವ ಮುಂಚೆ, ಸೆಟ್ಟಿಂಗಿನಲ್ಲಿ 'ನಾರ್ಮಲ್' ಎಂದಿದ್ದ ಬಣ್ಣದ ಪ್ರೊಫೈಲನ್ನು 'ಲಾಗ್' ಎಂದು ಬದಲಾಯಿಸಿದ. "ನಾರ್ಮಲ್ ಎಲ್ಲ ಮಕ್ಕಳಾಟ. ದೊಡ್ಡೋರು ಲಾಗ್‌ನಲ್ಲೇ ಶೂಟ್ ಮಾಡೋದು" ಎಂದು ಇಂಟರ್ನೆಟ್ಟಿನಲ್ಲಿ ಗಡ್ಡದವನೊಬ್ಬ ಹೇಳಿದ್ದ. ದೊಡ್ಡವನಾಗುವ ಆಸೆ ಯಾರಿಗಿಲ್ಲ? ಗಡ್ಡದವನು ಆಮೇಲೂ ಏನೇನೋ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಹದ್ದಪ್ಪ ಫೋನ್ ಜೇಬಿಗಿಟ್ಟು ಚಪ್ಪಲಿ ಮೆಟ್ಟಿಯಾಗಿತ್ತು.

ಶೂಟ್ ಮಾಡಿದ್ದು ಮುಖ್ಯರಸ್ತೆಯಾಚೆಯ ವಸತಿ ಸಮುಚ್ಚಯವನ್ನು. ಅದಕ್ಕೆ ಹೊಸದಾಗಿ ಬಣ್ಣ ಹೊಡೆಸಿದವರು ಅವನ ಮಾವ, ಹೆಂಡತಿಯ ಅಪ್ಪ, ಪೇಂಟಿಂಗ್ ಕಂಟ್ರಾಕ್ಟರು. ಗೋಡೆಗೆ ಸೂರ್ಯಕಾಂತಿ ಹಳದಿ, ಬಾಲ್ಕನಿಗೆ ಇಟ್ಟಿಗೆ ಕೆಂಪು, ಮೇಲಿನ ನೀರಿನ ಟ್ಯಾಂಕಿಗೆ ಕಡು ನೀಲಿ. ಸಂಜೆ ಅಲ್ಲಿನ ಸಭಾಂಗಣದಲ್ಲಿ ನಿವಾಸಿಗಳೆಲ್ಲ ಸೇರಿ ದೊಡ್ಡ ಪರದೆಯ ಮೇಲೆ ವಿಡಿಯೋ ನೋಡುವುದಿತ್ತು. ಅವರ ಮನಸ್ಸಿಗೆ ಬಂದರೆ ಎದುರುಗಡೆಯ ಬ್ಲಾಕುಗಳ ಕೆಲಸವೂ ಮಾವನಿಗೇ ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ಮಾತು ಕೊಟ್ಟಿದ್ದರು. "ಆಟದ ಸಾಮಾನು ಹಾರಿಸೋನಿಗೆ ಮಗಳನ್ನ ಕೊಟ್ಟೆ" ಎಂದು ಕಂಡಕಂಡವರ ಹತ್ತಿರ ಅಲವತ್ತುಕೊಳ್ಳುತ್ತಿದ್ದ ಮಾವ, ಮಗಳ ಕಾಟಕ್ಕೆ ಮಣಿದು ಮೊದಲ ಸಲ ಅಳಿಯನಿಗೆ ಕೆಲಸ ಕೊಡಿಸಿದ್ದರು. ಮಾವನ ಕಣ್ಣಲ್ಲಿ ಮನುಷ್ಯನಾಗಲು ಹದ್ದಪ್ಪನಿಗೆ ಸಿಕ್ಕಿದ ಅವಕಾಶ ಇದೊಂದೇ.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ಫೈಲು ತೆರೆದ. ಸೂರ್ಯಕಾಂತಿ ಹಳದಿ ಹಳೇ ಬನಿಯನ್ನಿನ ಬಣ್ಣಕ್ಕೆ ಇಳಿದಿತ್ತು. ಬಾಲ್ಕನಿಗಳು ಆರಿದ ಇದ್ದಿಲಿನ ಹಾಗಿದ್ದವು. ಆಕಾಶವೋ, ಪಾತ್ರೆ ತೊಳೆದ ನೀರು. ಇಡೀ ಸಮುಚ್ಚಯದ ಮೇಲೆ ಯಾರೋ ಒಂದು ಬುಟ್ಟಿ ಬೂದಿ ಸುರಿದು ಹೋದಂತಿತ್ತು.

ಹಿಂದೆ ಟೀ ಹಿಡಿದು ನಿಂತ ಹೆಂಡತಿ ಕೇಳಿದಳು: "ಇದೇನ್ರೀ, ಬಿಲ್ಡಿಂಗಿಗೆ ಹುಷಾರಿಲ್ವಾ?"

"ಇದು ಲಾಗ್ ಕಣೇ. ಹೀಗೇ ಇರುತ್ತೆ. ಬಣ್ಣ ಒಳಗಡೆ ಇದೆ."

"ಒಳಗಡೆ ಅಂದ್ರೆ?"

"ಮುದುರಿ ಪೆಟ್ಟಿಗೆಗೆ ತುರುಕಿದ ಬಟ್ಟೆ ಥರ ಅನ್ಕೋ. ಬಟ್ಟೆ ಪೂರ್ತಿ ಇದೆ. ಬಿಡಿಸಿ ಹರಡಬೇಕಷ್ಟೆ."

"ಹಾಗಾದ್ರೆ ಬೇಗ ಹರಡಿ. ಅಪ್ಪ ಬರ್ತಿದಾರೆ."

ಮತ್ತೆ ಶೂಟ್ ಮಾಡೋಣವೆಂದರೆ ಹೊರಗೆ ಗಾಳಿ ಕಿಟಕಿಯ ಬಾಗಿಲುಗಳಿಗೆ ಕಪಾಳಮೋಕ್ಷ ಮಾಡುತ್ತಿತ್ತು. ಡ್ರೋನ್ ಮೇಲೇರಿದರೆ ಪಕ್ಕದೂರಿನಲ್ಲಿ ಹುಡುಕಬೇಕಾದೀತು. ಇರುವುದನ್ನೇ ನೆಟ್ಟಗೆ ಮಾಡೋಣವೆಂದು ಹದ್ದಪ್ಪ ಎಡಿಟಿಂಗ್ ತಂತ್ರಾಂಶ ತೆರೆದು ಪ್ಲೇ ಒತ್ತಿದ. ಚಿತ್ರ ಬಿಕ್ಕಳಿಕೆ ಹತ್ತಿದವನ ಹಾಗೆ ಒಂದು ಹೆಜ್ಜೆ ಹೋಗಿ ನಿಂತಿತು, ಇನ್ನೊಂದು ಹೆಜ್ಜೆ ಹೋಗಿ ಮತ್ತೆ ನಿಂತಿತು. ಗೇಟಿನಿಂದ ಹೊರಟ ನಾಯಿಯೊಂದು ಎತ್ತಿದ ಕಾಲನ್ನು ಕೆಳಗಿಡಲಾರದೆ ಗಾಳಿಯಲ್ಲೇ ಉಳಿಯಿತು. ಕಂಪ್ಯೂಟರಿನ ಫ್ಯಾನು ಏರು ಹತ್ತುವ ಹಳೇ ಬಸ್ಸಿನಂತೆ ಗೋಳಾಡತೊಡಗಿತು.

ಅಷ್ಟು ಹೊತ್ತಿಗೆ ಮಾವ ಒಳಗೆ ಬಂದರು. ಪರದೆ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದರು. ಆಮೇಲೆ ಪಕ್ಕದ ಕುರ್ಚಿಗೆ ಕುಸಿದರು.

"ನನ್ನ ಹಳದಿ ಎಲ್ಲಿ?"

"ಇದೆ ಮಾವ. ಒಳಗಡೆ ಇದೆ."

"ಒಳಗಡೆ ಯಾಕಿರಬೇಕು? ನಾನು ಹೊಡೆಸಿದ್ದು ಹೊರಗಡೆ!"

"ಅದು ಲಾಗ್ ಅಂತ ಮಾವ, ಕ್ಯಾಮೆರಾದಲ್ಲಿ..."

"ನನಗೆ ಗೊತ್ತು ಬಿಡು. ಆ ಬಣ್ಣದಂಗಡಿಯವನ ಕೈವಾಡ ಇದು. ನೀರು ಬೆರೆಸಿ ಮಾರಿದಾನೆ. ನಮ್ಮ ಕಣ್ಣಿಗೆ ಮಣ್ಣೆರಚಿದ್ರೂ ಕ್ಯಾಮೆರಾ ಕಣ್ಣಿಗೆ ಎರಚೋಕಾಗುತ್ತಾ?" ಎಂದು ಮಾವ ತಮ್ಮ ಫೋನ್ ಎತ್ತಿ ಪರದೆಯನ್ನೇ ವಿಡಿಯೋ ಹಿಡಿದರು. "ಮೊದಲು ಈ ಸಾಕ್ಷಿ ಕಳಿಸ್ತೀನಿ. ಆಮೇಲೆ ಎದುರಿಗೆ ನಿಂತು ಕೇಳ್ತೀನಿ!" ಎಂದವರೇ ಫೋನನ್ನು ಕುಟ್ಟುತ್ತ ಮೆಟ್ಟಿಲಿಳಿದರು. ಅಳಿಯ ಹಿಂದೆಯೇ ಓಡಿ ಕೂಗಿದ್ದು ಸ್ಕೂಟರಿನ ಹೊಗೆಗೆ ಮಾತ್ರ ಕೇಳಿಸಿತು.

ಅವರು ಅತ್ತ ಹೋದರೆ, ಬಣ್ಣದಂಗಡಿಯವರು ಬಣ್ಣದ ಮಾದರಿಗಳ ಶೇಡ್ ಕಾರ್ಡನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದು ಇತ್ತ ಬಂದರು. ದಾರಿಯಲ್ಲಿ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ.

"ಏನ್ರೀ ನಿಮ್ಮ ಮಾವ, ಫೋನ್ ಮಾಡಿ ವಾಚಾಮಗೋಚರ ಬೈತಾರೆ? ಸಾಕ್ಷಿ ಕಳಿಸಿದೀನಿ ಅಂತಾರೆ, ನನಗೆ ಸಾಸಿವೆ ಕಾಳಷ್ಟೂ ಬಂದಿಲ್ಲ. ತೋರಿಸಿ ನೋಡೋಣ, ನನ್ನ ಬಣ್ಣಕ್ಕೇನಾಗಿದೆ!"

ಈ ಗದ್ದಲಕ್ಕೆ ಮೇಲಿನ ಮನೆಯ ಟೈಲರಮ್ಮನೂ ಇಳಿದು ಬಂದರು. ಯಾರ ಮನೆಯಲ್ಲಿ ದನಿ ಏರಿದರೂ ಅಲ್ಲಿ ಹಾಜರಾಗುವುದು ಅವರ ಹೊಲಿಗೆಯಷ್ಟೇ ಹಳೆಯ ಅಭ್ಯಾಸ. ವಿಷಯ ಕೇಳಿದ್ದೇ, "ಬಣ್ಣದ ವಿಚಾರ ನನಗೆ ಬಿಡಿ" ಎಂದು ಮೇಲೆ ಹೋಗಿ ಹಳದಿ ದಾರದ ಉಂಡೆಗಳ ಡಬ್ಬಿಯನ್ನೇ ಹೊತ್ತು ತಂದರು. ಒಂದು ಕಡೆಯಿಂದ ದಾರದುಂಡೆ, ಇನ್ನೊಂದು ಕಡೆಯಿಂದ ಶೇಡ್ ಕಾರ್ಡು, ನಡುವೆ ಹದ್ದಪ್ಪನ ಮೂಗು. ಎಲ್ಲರೂ ಪರದೆಗೆ ಅಂಟಿಕೊಂಡರು.

"ಹಳದಿ ಇನ್ನೊಂಚೂರು ಏರಿಸಿ."

"ಏರಿಸ್ಬೇಡಿ! ಅದು ನನ್ನ ಅಂಗಡಿ ಹಳದಿ ಅಲ್ಲ."

"ಹಾಗಾದ್ರೆ ಕೆಂಪು ಇಳಿಸಿ."

ಹದ್ದಪ್ಪ ಒಂದು ಗುಂಡಿ ಎಳೆದರೆ ಕಂಪ್ಯೂಟರು ಯೋಚನೆಗೆ ಬೀಳುತ್ತಿತ್ತು. ಅದರ ಧ್ಯಾನ ಮುಗಿಯುವಷ್ಟರಲ್ಲಿ ಎಲ್ಲರೂ ಒಂದೊಂದು ಲೋಟ ಟೀ ಮುಗಿಸುತ್ತಿದ್ದರು. ಫಲಿತಾಂಶವೂ ಅಷ್ಟಕ್ಕಷ್ಟೆ. ಹಳದಿ ಏರಿಸಿದರೆ ಗೋಡೆಯ ಜೊತೆಗೆ ರಸ್ತೆಯೂ ಹಳದಿ, ನಾಯಿಯೂ ಹಳದಿ; ಗೇಟಿನ ಬಳಿ ಕೈಬೀಸುತ್ತಿದ್ದ ಅಧ್ಯಕ್ಷರಿಗಂತೂ ಕಾಮಾಲೆ. ಅವರನ್ನು ಗುಣಪಡಿಸಲು ನೀಲಿ ಏರಿಸಿದರೆ ಗೋಡೆ ಹಸಿರಾಯಿತು. ಹೆಂಡತಿ ಮೇಜಿನ ಫ್ಯಾನು ತಂದು ಕಂಪ್ಯೂಟರಿಗೆ ಗಾಳಿ ಹಾಕಿದಳು. ಟೈಲರಮ್ಮ ಅದರ ನೆತ್ತಿಗೆ ಒದ್ದೆ ಬಟ್ಟೆ ಇಡಲು ಹೋದಾಗ ಹದ್ದಪ್ಪ ಎರಡೂ ಕೈ ಅಡ್ಡ ಹಿಡಿದು ಕಿರುಚಿದ.

"ಜ್ವರ ಇಳೀಲಿ ಅಂತ ಅಷ್ಟೇ" ಎಂದರು ಅವರು ಬೇಸರದಿಂದ.

"ರೀ," ಎಂದಳು ಹೆಂಡತಿ, "ಆ ಗಡ್ಡದವನು ಇದಕ್ಕೇನು ಮಾಡ್ಬೇಕು ಅಂತ ಹೇಳ್ಲಿಲ್ವಾ?"

ಹದ್ದಪ್ಪ ಮೆಲ್ಲಗೆ ಫೋನ್ ತೆಗೆದು, ಅರ್ಧಕ್ಕೆ ಬಿಟ್ಟಿದ್ದ ಆ ವಿಡಿಯೋ ಮುಂದುವರಿಸಿದ. ಗಡ್ಡದವನು ಎಲ್ಲವನ್ನೂ ಹೇಳಿದ್ದ. ಡ್ರೋನಿನ ವಿಡಿಯೋ ಬಿಗಿಯಾಗಿ ಅಡಕಿದ ಗಂಟು, ಬಡ ಕಂಪ್ಯೂಟರು ಪ್ರತಿಯೊಂದು ಚಿತ್ರಕ್ಕೂ ಅದನ್ನು ಬಿಚ್ಚಿ ಬಿಚ್ಚಿ ಸುಸ್ತಾಗುತ್ತದೆ. ಅದಕ್ಕೆ ಹಗುರವಾದ ಸಣ್ಣ ನಕಲು, ಅಂದರೆ ಪ್ರಾಕ್ಸಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ, ಕೊನೆಗೆ ಅಸಲಿಗೆ ಮರಳಬೇಕು. ಬಣ್ಣಕ್ಕೋ, ಗುಂಡಿ ತಿರುವುವುದೇ ಬೇಡ. ಡ್ರೋನ್ ಮಾಡಿದ ಕಂಪನಿಯೇ ಕೊಡುವ 'ಲಟ್' ಎಂಬ ಸಣ್ಣ ಫೈಲು ಹಾಕಿದರೆ ಬೂದಿಯೊಳಗಿನ ಬಣ್ಣ ತಾನಾಗಿ ಎದ್ದು ಬರುತ್ತದೆ.

ಪ್ರಾಕ್ಸಿ ತಯಾರಾದ ಮೇಲೆ ಪ್ಲೇ ಒತ್ತಿದರೆ ವಿಡಿಯೋ ಎಣ್ಣೆ ಸುರಿದಂತೆ ಹರಿಯಿತು. ನಾಯಿ ಎತ್ತಿದ ಕಾಲು ಕೊನೆಗೂ ಕೆಳಗಿಟ್ಟು ರಸ್ತೆ ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಯಿಯ ಕಾಲನ್ನೇ ನೋಡುತ್ತಿದ್ದ ಯಾರೂ ಗೋಡೆಯ ಬಣ್ಣ ಗಮನಿಸಲಿಲ್ಲ. ಹುರುಪು ಏರಿ ಹದ್ದಪ್ಪ ಲಟ್ ಹಾಕಿದ. ಮರುಕ್ಷಣ ಟೈಲರಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಗೋಡೆ ಬೆಂಕಿ ಬಿದ್ದಂತೆ ಉರಿಯುತ್ತಿತ್ತು, ಹುಲ್ಲು ಗಿಳಿಯನ್ನೂ ನಾಚಿಸುತ್ತಿತ್ತು, ಅಧ್ಯಕ್ಷರ ಮುಖ ಹಣ್ಣಾದ ಟೊಮೆಟೊ.

"ಇದೂ ನನ್ನ ಬಣ್ಣ ಅಲ್ಲ" ಎಂದರು ಅಂಗಡಿಯವರು.

ತಂತ್ರಾಂಶವು ಲಾಗ್ ಎಂದು ತಾನೇ ಗುರುತು ಹಿಡಿದು, ಪ್ರಾಕ್ಸಿ ಮಾಡುವಾಗಲೇ ಒಂದು ಸಲ ಬಣ್ಣ ತಿದ್ದಿತ್ತು. ಅದರ ಮೇಲೆ ಇವನು ಇನ್ನೊಂದು ಸಲ ತಿದ್ದಿದ್ದ. ಹದ್ದಪ್ಪ ಹುಡುಕಿ ಹುಡುಕಿ ಒಂದನ್ನು ತೆಗೆದ.

ಆಹಾ! ಬೆಳಗಿನ ಬಿಸಿಲಲ್ಲಿ ನಿಂತ ಸೂರ್ಯಕಾಂತಿ ಹಳದಿ. ಬಾಲ್ಕನಿಯ ಕೆಂಪು. ಟ್ಯಾಂಕಿನ ನೀಲಿ. ಅಧ್ಯಕ್ಷರ ಕೆನ್ನೆಯಲ್ಲಿ ಮನುಷ್ಯನ ಬಣ್ಣ. ಅಂಗಡಿಯವರು ಶೇಡ್ ಕಾರ್ಡಿನ ಎಲೆಯೊಂದನ್ನು ಪರದೆಗೆ ಹಿಡಿದರು. ಎಲೆ ಯಾವುದು, ಗೋಡೆ ಯಾವುದು ತಿಳಿಯಲಿಲ್ಲ. ಟೈಲರಮ್ಮ ದಾರದುಂಡೆಯನ್ನು ಎದೆಗೊತ್ತಿಕೊಂಡು "ನೋಡಿ, ನಾನು ಹೇಳ್ಲಿಲ್ವಾ" ಎಂದರು. ಅವರು ಏನು ಹೇಳಿದ್ದರೆಂದು ಯಾರೂ ಕೇಳಲು ಹೋಗಲಿಲ್ಲ.

ಇನ್ನು ಉಳಿದಿದ್ದು ಪೂರ್ತಿ ಚಿತ್ರವನ್ನು ಒಂದು ಫೈಲಾಗಿ ಹೊರತೆಗೆಯುವುದು. ಪರದೆಯ ಮೇಲೆ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳತೊಡಗಿತು. ಅದು ಇನ್ನೇನು ತುದಿ ಮುಟ್ಟಬೇಕು, ಮೇಲಿನ ಮನೆಯಲ್ಲಿ ಟೈಲರಮ್ಮ ಅದೇ ಖುಷಿಯಲ್ಲಿ ಇಸ್ತ್ರಿಪೆಟ್ಟಿಗೆ ಹಚ್ಚಿದರು. ಟಪ್! ಇಡೀ ಕಟ್ಟಡದ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಪಟ್ಟಿ ಮತ್ತೆ ಮೊದಲಿನಿಂದ ತೆವಳಿತು. ಈ ಸಲ ಹೆಂಡತಿ ಮೆಟ್ಟಿಲ ಬಾಯಲ್ಲಿ ಕುರ್ಚಿ ಹಾಕಿ ಕೂತು, "ಯಾರೂ ಏನೂ ಹಚ್ಚಂಗಿಲ್ಲ! ದೀಪಾನೂ ಬೇಡ!" ಎಂದು ಕಾವಲು ಕಾದಳು.

ಫೈಲು ಕೈಗೆ ಬಂದಾಗ ಸಭೆ ಶುರುವಾಗುವ ಹೊತ್ತು. ಬಣ್ಣದಂಗಡಿಯವರೇ ತಮ್ಮ ಗಾಡಿಯಲ್ಲಿ ಗಂಡಹೆಂಡಿರನ್ನು ಕೂರಿಸಿಕೊಂಡು ಹೊರಟರು. ಟೈಲರಮ್ಮ ಹಿಂದಿನ ಬಣ್ಣದ ಡಬ್ಬಗಳ ನಡುವೆ ಜಾಗ ಮಾಡಿಕೊಂಡರು.

ಸಭಾಂಗಣ ತುಂಬಿತ್ತು. ಮಾವ ಮುಂದಿನ ಸಾಲಿನಲ್ಲಿ ಬೆವರೊರೆಸುತ್ತ ಕೂತಿದ್ದರು. ದೀಪ ಆರಿತು. ಪರದೆಯ ಮೇಲೆ ಹಳದಿ ಗೋಡೆ ನಿಧಾನವಾಗಿ ಮೇಲೆದ್ದು ಬಂದಾಗ ಮಾವನ ಬಾಯಿ ತೆರೆದುಕೊಂಡಿತು. ಕಣ್ಣಂಚು ಒದ್ದೆಯಾಯಿತು. ತಿರುಗಿ ಅಳಿಯನನ್ನು ಹುಡುಕಿ, ಭುಜ ಹಿಡಿದು ಅದುಮಿದರು. ಹದ್ದಪ್ಪನಿಗೆ ಆಕಾಶಕ್ಕೆ ಮೂರೇ ಗೇಣು.

ಚಿತ್ರ ಮುಗಿಯಿತು. ದೀಪ ಹತ್ತಿತು. ಚಪ್ಪಾಳೆಯೇ ಇಲ್ಲ.

ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡರು. "ಚೆನ್ನಾಗಿದೆ. ಆದರೆ ಇದು ಈಗಿನ ಬಣ್ಣ ಅಲ್ವಾ? ಬೆಳಿಗ್ಗೆ ಕಳಿಸಿದ್ದು ಇದಲ್ಲವಲ್ಲ."

"ಬೆಳಿಗ್ಗೆ ಯಾರು ಕಳಿಸಿದ್ರು?" ಎಂದ ಹದ್ದಪ್ಪ.

"ನಿಮ್ಮ ಮಾವನೇ. ನಮ್ಮ ನಿವಾಸಿಗಳ ಗುಂಪಿಗೆ ಹಾಕಿದ್ರು. ಕೆಳಗಡೆ 'ಹೇಗಿದೆ ನೋಡು ನಿನ್ನ ಬಣ್ಣ' ಅಂತ ಬರೆದಿದ್ರು. ನೋಡಿದ್ವಿ. ಏನು ಗಾಂಭೀರ್ಯ! ಏನು ತಂಪು! ನಿಜ ಹೇಳ್ಬೇಕಂದ್ರೆ ಈ ಹಳದಿ ನೋಡಿ ನೋಡಿ ಎಲ್ಲರಿಗೂ ತಲೆನೋವು. ನಿಮ್ಮ ಮಾವನಿಗೆ ಬೇಜಾರಾಗುತ್ತೆ ಅಂತ ಬಾಯಿ ಬಿಟ್ಟಿರ್ಲಿಲ್ಲ. ಅವರೇ ಬೇರೆ ಬಣ್ಣದ ಮಾದರಿ ಕಳಿಸಿದ ಮೇಲೆ ಇನ್ನೇನು? ಮಧ್ಯಾಹ್ನವೇ ಕೂತು ಒಪ್ಪಿಗೆ ಕೊಟ್ವಿ. ಈ ಬ್ಲಾಕು, ಎದುರಿನ ಬ್ಲಾಕು, ಎಲ್ಲಕ್ಕೂ ಅದೇ ಬೂದಿ."

ಮಾವ ಎರಡು ಸಲ ಕಣ್ಣು ಪಿಳುಕಿಸಿದರು. ಅವರ ಮುಖದ ಮೇಲೆ ಅಂಗಡಿಯವನಿಗೆಂದು ಕಳಿಸಿದ ಬೈಗುಳ, ತಪ್ಪಿ ಹೋದ ವಿಳಾಸ, ಕೈಗೆ ಬಂದ ಎರಡು ಕಂಟ್ರಾಕ್ಟು ಒಂದರ ಹಿಂದೊಂದು ಹಾದುಹೋದವು. ಮೂರನೆಯದೇ ಅಲ್ಲಿ ನಿಂತಿತು.

"ಹೌದೌದು! ಮಾದರಿ ಅಂತಲೇ ಕಳಿಸಿದ್ದು!" ಎಂದರು. ಬಣ್ಣದಂಗಡಿಯವರಂತೂ ಬೆಳಗಿನ ಬೈಗುಳ ಮರೆತು ಅವರನ್ನು ತಬ್ಬಿಕೊಂಡರು.

"ಮತ್ತೆ ಈ ವಿಡಿಯೋ?" ಹದ್ದಪ್ಪ ಕೇಳಿದ.

"ಇಲ್ಲದ ಹಳದಿ ವಿಡಿಯೋ ಇಟ್ಕೊಂಡು ಏನ್ ಮಾಡೋದಪ್ಪ?" ಎಂದರು ಅಧ್ಯಕ್ಷರು ಮೃದುವಾಗಿ. "ಹೊಸ ಬಣ್ಣ ಆದ್ಮೇಲೆ ಇನ್ನೊಂದ್ಸಲ ಹಾರಿಸಿಬಿಡು. ಲೆಕ್ಕ ಎಲ್ಲ ಆಗಲೇ ನೋಡೋಣ."

ಬಣ್ಣದಂಗಡಿಯವರು ಆಗಲೇ ಶೇಡ್ ಕಾರ್ಡು ಬಿಚ್ಚಿ, "ಯಾವ ಬೂದಿ ಅಂತ ಹೇಳ್ಬಿಡಿ, ನಾಳೆಯೇ ಬೆರೆಸ್ತೀನಿ" ಎಂದರು. ನಿವಾಸಿಗಳೆಲ್ಲ ಫೋನ್ ಎತ್ತಿ ಹಿಡಿದರು. ಒಬ್ಬರ ಫೋನಿನಲ್ಲಿ ಬೂದಿ ನೀಲಿಯತ್ತ ವಾಲಿತ್ತು, ಇನ್ನೊಬ್ಬರದರಲ್ಲಿ ಹಸಿರತ್ತ. ಅಧ್ಯಕ್ಷರದು ಗುಲಾಬಿ. ಹಿಂದಿನ ಸಾಲಿನ ಅಜ್ಜಿಯ ಬಿರುಕುಬಿಟ್ಟ ಫೋನಿನಲ್ಲಿ ಅದು ಕೆನೆಯ ಬಣ್ಣ. "ಇದೇ ಸರಿ!" "ನಿಮ್ಮದಲ್ಲ, ನಮ್ಮದು!" ಎಂದು ಕೂಗಾಟ ಸೂರಿಗೆ ಮುಟ್ಟಿತು. ಟೈಲರಮ್ಮ ಅದೆಲ್ಲಿಂದಲೋ ಬಿಳಿ ದಾರದುಂಡೆ ತೆಗೆದು ನಡುವೆ ನುಗ್ಗಿದರು.

ಮಾವ ಕುರ್ಚಿಯ ಮೇಲೆ ಹತ್ತಿ ನಿಂತರು.

"ಎಲ್ಲ ಸುಮ್ನಿರಿ! ಈ ಬಣ್ಣ ಕಂಡುಹಿಡಿದೋನು ನನ್ನ ಅಳಿಯ. ಅವನು ಯಾವುದು ಅಂತಾನೋ ಅದೇ. ನಾಳೆಯಿಂದ ಇವನು ನನ್ನ ಜೊತೆ ಕೆಲಸಕ್ಕೆ. ಆ ಆಟದ ಸಾಮಾನು ಮೂಲೇಲಿರಲಿ. ಬೆಳಿಗ್ಗೆ ತುತ್ತತುದಿಯ ಮಹಡಿವರೆಗೂ ಏಣಿ ಹಾಕಿಸ್ತೀನಿ. ಒಂದೊಂದೇ ಮಾದರಿ ಬಳಿದು ಅವನೇ ತೋರಿಸ್ತಾನೆ!"

ಸಭಾಂಗಣ ಈಗ ಚಪ್ಪಾಳೆಯಿಂದ ಬಿರಿಯಿತು. ಹೆಂಡತಿ ಹೆಮ್ಮೆಯಿಂದ ಗಂಡನ ಕಡೆ ನೋಡಿದಳು. ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗುತ್ತದೆ, ಡ್ರೋನ್ ಕೊಂಡಿದ್ದೇ ಅದಕ್ಕೆ ಎಂದು ಅಷ್ಟು ಸಂಭ್ರಮದ ನಡುವೆ ಹೇಳಲು ಹದ್ದಪ್ಪನಿಗೆ ಬಾಯಿ ಬರಲಿಲ್ಲ.