ಒಂದು ಸೂರ್ಯಕಾಂತಿ, ಸಾವಿರ ಹೂವು

ಸಸ್ಯಶಾಸ್ತ್ರ ಕಲಿಸುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅದರಲ್ಲೂ ನನ್ನ ಹಾಗೆ ಸೇವಂತಿಗೆಯ ಕುಟುಂಬದ ಬೆನ್ನು ಹತ್ತಿದವನನ್ನು ಕೇಳಲೇಬೇಡಿ. ಬೈಲಹೊಂಗಲದ ಕಾಲೇಜಿನಲ್ಲಿ ನಾನು ಬಾಯಿ ನೋಯುವಷ್ಟು ಹೇಳಿದ್ದು ಒಂದೇ ಮಾತು: ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿ, ಇವು ಯಾವುವೂ ಒಂದು ಹೂವಲ್ಲ. ಒಂದು ತಟ್ಟೆಯ ಮೇಲೆ ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ನೀವು ಎಸಳು ಅನ್ನುತ್ತೀರಲ್ಲ, ಅದೂ ಒಂದು ಹೂವೇ. ವಿದ್ಯಾರ್ಥಿಗಳು ಪರೀಕ್ಷೆಯ ಭಯಕ್ಕೆ ಒಪ್ಪುತ್ತಾರೆ. ಕ್ಲಾಸಿನ ಹೊರಗೆ ಒಬ್ಬರಾದರೂ ಒಪ್ಪಲಿ ಅನ್ನುವುದು ನನ್ನ ಬಹುದಿನದ ಆಸೆಯಾಗಿತ್ತು.

ಐದು ಹೂ

ಒಂದು ಶುಕ್ರವಾರ ಹೆಂಡತಿ ಪೂಜೆಗೆ ಐದು ಸೇವಂತಿಗೆ ತರಲು ಹೇಳಿದಳು. ನಾನು ಒಂದನ್ನು ತಂದು ಕೈಗಿಟ್ಟೆ.

"ಉಳದ ನಾಕು ಎಲ್ಲಿ?"

"ಎಲ್ಲಾ ಇದರಾಗ ಅದಾವ. ಐದಲ್ಲ, ಐದರಪ್ಪನಷ್ಟು ಅದಾವ," ಎಂದು ಉಗುರಿನಿಂದ ಬಿಡಿಸಿ ತೋರಿಸಲು ಹೋದೆ. ಅವಳು ಹೂ ಕಸಿದುಕೊಂಡು ಒಳಗೆ ಹೋದಳು. ಒಬ್ಬರನ್ನು ಗೆದ್ದೆ ಎಂದು ಹಿಗ್ಗಿದೆ.

ಮಧ್ಯಾಹ್ನ ತಾಟಿನಲ್ಲಿ ಒಂದೇ ರೊಟ್ಟಿ ಇತ್ತು. ಇನ್ನೊಂದು ಹಾಕೆಂದೆ.

"ಒಂದ ಅಂತ ತಿಳೀಬ್ಯಾಡ್ರಿ," ಅಂದಳು. "ಅದರಾಗ ಎಷ್ಟ ಜ್ವಾಳದ ಕಾಳು ಅದಾವ, ನಿಮ್ಮ ಭೂತಗನ್ನಡಿ ತಂದು ನೋಡ್ರಿ."

ನವಿಲುತೀರ್ಥದ ಪ್ರವಾಸ

ಮನೆ ಬಿಟ್ಟು ಬಯಲಿನಲ್ಲಾದರೂ ವಿಜ್ಞಾನ ಬೆಳೆಯಲಿ ಎಂದು ವಿದ್ಯಾರ್ಥಿಗಳನ್ನು ನವಿಲುತೀರ್ಥದ ಕಡೆ ಕರೆದುಕೊಂಡು ಹೋದೆ. ಈ ಕುಟುಂಬದ ಯಾವ ಗಿಡ ಸಿಕ್ಕರೂ ಬೇರು ಸಮೇತ ತನ್ನಿ ಎಂದೆ. ಎಲ್ಲರಿಗೂ ಸಿಕ್ಕದ್ದು ಪಾರ್ಥೇನಿಯಂ ಎಂಬ ತುರಿಕೆಯ ಕಸ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒಬ್ಬರಿಗಿಂತ ಒಬ್ಬರು ಉತ್ಸಾಹದಿಂದ ಕಿತ್ತು ಒಂದು ಹೊಲದ ಬದುವಿನ ಮೇಲೆ ರಾಶಿ ಹಾಕಿದರು. ಇಷ್ಟು ಶ್ರದ್ಧೆಯನ್ನು ನಾನು ಕ್ಲಾಸಿನಲ್ಲಿ ಎಂದೂ ಕಂಡಿರಲಿಲ್ಲ.

ಬುತ್ತಿ ಉಂಡು ಬರುವುದರೊಳಗೆ ಹೊಲದ ಯಜಮಾನ ರಾಶಿಗೆ ಒಣಹುಲ್ಲು ಒಡ್ಡಿ ಬೆಂಕಿ ಹಚ್ಚಿ ಕೈಮುಗಿದು ನಿಂತಿದ್ದ.

"ಭಾಳ ಉಪಕಾರ ಆತ್ರಿ ಸರ್. ಬಾಜೂಕ ನಮ್ಮ ತಮ್ಮನ ಹೊಲ ಐತ್ರಿ. ಮುಂದಿನ ವಾರ ಮತ್ತ ಕಲಿಸಾಕ ಕರಕೊಂಡು ಬರ್ರಿ."

ರಾಮದುರ್ಗದ ಬಸ್ಸು

ರಾಮದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಸಾಲಹಳ್ಳಿಯ ಹಿರಿಯ ರೈತರೊಬ್ಬರು ಕುಸುಬಿಯ ಚೀಲ ಇಟ್ಟುಕೊಂಡು ಕೂತಿದ್ದರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಕುಸುಬಿ, ಸೂರ್ಯಕಾಂತಿ, ಗುರೆಳ್ಳು, ಪಾರ್ಥೇನಿಯಂ, ಎಲ್ಲವೂ ಒಂದೇ ಕುಟುಂಬದವು ಎಂದೆ.

ಹಿರಿಯರು ಚೀಲವನ್ನು ತಮ್ಮ ಹತ್ತಿರ ಎಳೆದುಕೊಂಡರು. "ಏನ್ ಮಾತಾಡ್ತೀರಿ ಸರ್? ಕುಸುಬಿ ಎಣ್ಣಿ ಕೊಡ್ತೈತಿ, ಗುರೆಳ್ಳ ರೊಟ್ಟಿಗೆ ಹಿಂಡಿ ಆಗ್ತೈತಿ. ಆ ದರಿದ್ರ ಕಸಾ ಇವರ ಮನಿತನದ್ದು ಹೆಂಗ ಆದೀತು?"

ಹೂವಿನ ರಚನೆ, ಬೀಜದ ರಚನೆ ಎಲ್ಲ ವಿವರಿಸಿದೆ. ಅವರು ನಿಟ್ಟುಸಿರು ಬಿಟ್ಟರು.

"ಇದ್ದರೂ ಇರಬಹುದ್ರಿ. ನಮ್ಮ ಮನ್ಯಾಗೂ ಅಂತಾವ ಒಬ್ಬ ಅಳಿಯ ಅದಾನ."

ಅವ್ವನ ಹರಕೆ

ಕೊನೆಗೂ ನನ್ನ ಮಾತನ್ನು ಮನಸಾರೆ ಒಪ್ಪಿದವಳು ನಮ್ಮ ಅವ್ವ. ಅವಳು ಇರುವುದು ದೊಡವಾಡದಲ್ಲಿ. ಮೊಣಕಾಲು ನೋವು ಹೋದರೆ ಊರ ಈಶ್ವರನಿಗೆ ಸಾವಿರ ಹೂ ಏರಿಸುತ್ತೇನೆಂದು ಹರಕೆ ಹೊತ್ತಿದ್ದಳು. ನೋವೇನೋ ಹೋಯಿತು, ಆದರೆ ಆಗ ಹೂವಿನ ಸುಗ್ಗಿಯಲ್ಲ, ಸಂತೆಯೆಲ್ಲ ಸುತ್ತಿದರೂ ಒಂದು ಬುಟ್ಟಿ ಹೂ ಸಿಗಲಿಲ್ಲ. ಹರಕೆ ತೀರಿಸದಿದ್ದರೆ ನೋವು ಮರಳಿ ಬರುತ್ತದೆಂದು ಅವ್ವ ಕಣ್ಣೀರು ಹಾಕಿದಳು. ತೋಟವೊಂದರಿಂದ ತಟ್ಟೆಯಗಲದ ಸೂರ್ಯಕಾಂತಿ ತಂದು ಅವಳ ಮುಂದಿಟ್ಟೆ.

"ಅವ್ವಾ, ಇದರಾಗ ಸಾವಿರಕ್ಕಿಂತ ಹೆಚ್ಚ ಹೂ ಅದಾವ."

"ಖರೇನ?"

"ನಿನ್ನಾಣಿ."

"ಮೊದಲ ಹೇಳಬಾರದಿತ್ತೇನೊ!" ಎಂದು ಕಣ್ಣೊರೆಸಿಕೊಂಡು ಎದ್ದೇಬಿಟ್ಟಳು. ಇಷ್ಟು ಜಾಣ ವಿದ್ಯಾರ್ಥಿನಿ ನನಗೆ ಸಿಕ್ಕಿರಲಿಲ್ಲ.

ಗುಡಿಯಲ್ಲಿ ಪೂಜೆಗೆ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಸೂರ್ಯಕಾಂತಿ ಒಂದು ಹೂ ಎಂದು ಬರೆದದ್ದಕ್ಕೆ ನನ್ನಿಂದ ಸೊನ್ನೆ ತೆಗೆದುಕೊಂಡವನು. ವಿಷಯ ಕೇಳಿ ಬಹಳ ವಿನಯದಿಂದ ನಕ್ಕ.

"ಬರೋಬರಿ ಐತ್ರಿ ಸರ್. ಆದ್ರ ಶಿವನ ಒಂದೊಂದ ಹೆಸರಿಗೆ ಒಂದೊಂದ ಹೂ ಏರಸಬೇಕಲ್ರಿ? ನೀವು ಬಿಡಿಸಿ ಕೊಡ್ರಿ, ನಾ ಮಂತ್ರ ಅಂತೇನಿ."

ಅವ್ವ ಹೌದೆಂದು ತಲೆಯಾಡಿಸಿದಳು. ನಾನು ಅಂಚಿನ ಹಳದಿ ಎಸಳಿಗೆ ಕೈ ಹಾಕಿದೆ.

"ಅವು ಬ್ಯಾಡ್ರಿ ಸರ್. ಸೂರ್ಯಕಾಂತಿಯ ಅಂಚಿನ ಹೂ ಕಾಳು ಕಟ್ಟೂದಿಲ್ಲಂತ ನೀವ ಕಲಿಸೀರಿ. ದೇವರಿಗೆ ಫಲ ಕೊಡೂವು ಬೇಕ್ರಿ."

ಸೂಜಿ ತರಿಸಿ, ನಡ ಬಗ್ಗಿಸಿ, ನಡುವಿನ ಹೂಗಳನ್ನು ಒಂದೊಂದಾಗಿ ಕೀಳುತ್ತಾ ಕೂತೆ. ಗುಡಿಗೆ ಬಂದವರೆಲ್ಲ ಸುತ್ತ ನೆರೆದರು. "ಮಾಸ್ತರು ಹೂವಿನ ಹೇನು ತೆಗ್ಯಾಕ ಹತ್ಯಾರ," ಎಂದು ಒಬ್ಬ ಅಜ್ಜಿ ಮತ್ತೊಬ್ಬಳಿಗೆ ತಿಳಿಸಿ ಹೇಳಿದಳು. ಇನ್ನೇನು ಮುಗಿಯಿತು ಅನ್ನುವಾಗ ಯಾರೋ ಪುಣ್ಯಾತ್ಮರು, ಸರ್ ಬೆವತಾರ ಎಂದು ಫ್ಯಾನ್ ಹಾಕಿದರು. ಈಶ್ವರನ ಮೇಲಿದ್ದ ಹೂವೆಲ್ಲ ಹಾರಿ ಗುಡಿ ತುಂಬಿತು.

"ಮತ್ತ ಮೊದಲಿಂದ ಅನ್ನಬೇಕಾಗ್ತೈತ್ರಿ," ಎಂದ ನನ್ನ ವಿದ್ಯಾರ್ಥಿ, ಇನ್ನಷ್ಟು ವಿನಯದಿಂದ. ನಾನು ಮತ್ತೊಂದು ಸೂರ್ಯಕಾಂತಿಗೆ ಹೇಳಿ ಕಳಿಸಿದೆ.

ಸಂಜೆ ಪೂಜೆ ಮುಗಿದಾಗ ನನಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಇಬ್ಬರು ಹಿಡಿದು ಎಬ್ಬಿಸಿದರು. ನನ್ನ ಅವಸ್ಥೆ ನೋಡಿ ಅವ್ವನ ಕಣ್ಣಲ್ಲಿ ಮತ್ತೆ ನೀರು ಬಂತು. ಬೆನ್ನು ಸವರುತ್ತಾ ಅಂದಳು:

"ಹೆದರಬ್ಯಾಡೋ ನನ್ನ ಕೂಸ. ನಿನ್ನ ನಡಾ ಆರಾಮಾಗಲಿ ಅಂತ ಈಗ ಶಿವಪ್ಪಗ ಬೇಡಿಕೊಂಡೇನಿ. ಲಕ್ಷ ಹೂ!"