ಬೋಳು ಕೀಲಿಯ ಭಾವ

ನಮ್ಮ ಭಾವನವರಿಗೆ ಈ ಭೂಮಿಯ ಮೇಲೆ ಇರುವುದು ಒಬ್ಬನೇ ಶತ್ರು. ಅವನ ಹೆಸರು ಕೀ ಚೈನ್!

ನಗಬೇಡಿ. ಭಾವ ಅಂದರೆ ನನ್ನ ಅಕ್ಕನ ಗಂಡ. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್, ದಿಲ್ಲಿಯ ಆರ್.ಕೆ.ಪುರಂನಲ್ಲಿ ನೆಲಮಹಡಿಯ ಕ್ವಾರ್ಟರ್ಸು. ಎರಡು ಸಾವಿರದ ಇಸವಿಯ ಆಚೀಚೆ ನನಗೆ ನೋಯ್ಡಾದಲ್ಲಿ ಕೆಲಸ ಸಿಕ್ಕಾಗ ನಾನು ಇಳಿದುಕೊಂಡದ್ದು ಇವರ ಮನೆಯಲ್ಲೇ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ ಕ್ಷಮೆ ಕೇಳುವಷ್ಟು ಸಾಧು ಮನುಷ್ಯ. ತರಕಾರಿ ಭಯ್ಯಾನ ಹತ್ತಿರ ಒಂದು ಹಿಡಿ ಕೊತ್ತಂಬರಿ ಕೊಸರು ಕೇಳುವುದಕ್ಕೂ ನಾಚಿಕೆ. ಇಂಥವರು ಯಾರದಾದರೂ ಬೈಕಿನಲ್ಲಿ ಕೀಲಿಗೊಂಚಲು ನೇತಾಡುವುದನ್ನು ಕಂಡರೆ ಮಾತ್ರ ಬೇರೆಯೇ ಮನುಷ್ಯರಾಗಿಬಿಡುತ್ತಿದ್ದರು.

ಕಾರಣವಿತ್ತು. ಭಾವನ ಬಳಿ ಭಾರಿ ಗಾತ್ರದ ಒಂದು ಮೋಟಾರ್ ಸೈಕಲ್ಲಿತ್ತು. ವರ್ಷವಿಡೀ ಫೈಲುಗಳ ನಡುವೆ ಸದ್ದಿಲ್ಲದೆ ಇರುವ ಭಾವ, ಜೂನ್ ಬಂತೆಂದರೆ ರಜೆ ಹಾಕಿ ಒಬ್ಬರೇ ಅದನ್ನೇರಿ ಹಿಮಾಲಯದ ಕಡೆ ಹೊರಟುಬಿಡುತ್ತಿದ್ದರು. ಅಂಥ ಗಾಡಿಗೆ ಪ್ರಾಣ ಎಲ್ಲಿರುತ್ತದೆ ಹೇಳಿ? ಎಂಜಿನ್ನಿನಲ್ಲಿ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲವಂತೆ! ಕೀಲಿ ಹಾಕಿ ತಿರುಗಿಸುತ್ತೇವಲ್ಲ, ಆ ಇಗ್ನಿಷನ್ ಸ್ವಿಚ್ಚಿನಲ್ಲಂತೆ. ಕೀಲಿಗೆ ಭಾರ ಕಟ್ಟಿದರೆ ಅದು ದಾರಿಯುದ್ದಕ್ಕೂ ಜೋಲಾಡುತ್ತದೆ, ಜೋಲಾಡಿದರೆ ಸ್ವಿಚ್ಚಿನ ಒಳಗು ಸವೆಯುತ್ತದೆ, ಸವೆದರೆ ಒಂದು ದಿನ ಓಡುತ್ತಿರುವ ಗಾಡಿ ಹೇಳದೆ ಕೇಳದೆ ಆರಿಹೋಗುತ್ತದೆ.

“ಆರಿದ್ರೆ ಏನಾಯ್ತು ಭಾವ, ಪಕ್ಕಕ್ಕೆ ನಿಲ್ಲಿಸಿದರಾಯ್ತು” ಎಂದಿದ್ದೆ ನಾನು.

“ಗಾಡಿ ನಿಲ್ಲೋದು ದೊಡ್ಡದಲ್ಲಮ್ಮ. ಎಲ್ಲಿ ನಿಲ್ಲುತ್ತೆ, ಆಗ ಹಿಂದೆ ಯಾವ ಲಾರಿ ಬರ್ತಿರುತ್ತೆ, ಅದು ದೊಡ್ಡದು.”

ಹೀಗಾಗಿ ಅವರ ಬೈಕಿನ ಕೀಲಿ ಯಾವಾಗಲೂ ಬೋಳು. ಬಳೆಯಿಲ್ಲ, ದಾರವಿಲ್ಲ, ಒಂದು ಎಳೆ ನೂಲೂ ಇಲ್ಲ. ಬೋಳು ಕೀಲಿಯ ಕಷ್ಟ ಏನೆಂದರೆ ಅದು ಕಳೆಯುವುದು ಸುಲಭ, ಸಿಗುವುದು ಕಷ್ಟ. ಒಮ್ಮೆ ಅಕ್ಕನ ಸಾಸಿವೆ ಡಬ್ಬಿಯಲ್ಲಿ ಸಿಕ್ಕಿತ್ತು. ಅಲ್ಲಿಗೆ ಹೇಗೆ ಹೋಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆಮೇಲೆ ಭಾವ ಅದಕ್ಕೆ ಕಾಯಂ ವಸತಿ ಮಂಜೂರು ಮಾಡಿದರು, ತಮ್ಮ ಕನ್ನಡಕದ ಪೆಟ್ಟಿಗೆಯಲ್ಲಿ. ಕೀಲಿಗೆ ಮನೆಯಾಯಿತು, ಕನ್ನಡಕ ಬೀದಿಗೆ ಬಿತ್ತು. ಅಕ್ಕ ಸೋಫಾದ ಮೇಲೆ ಕೂರುವ ಮೊದಲು ಕೈಯಾಡಿಸಿ ನೋಡುವ ಅಭ್ಯಾಸ ಮಾಡಿಕೊಂಡದ್ದು ಆಗಲೇ.

ಒಂದು ಯುಗಾದಿಗೆ ಗುರ್‌ಗಾಂವಿನ ಕಂಪ್ಯೂಟರ್ ಕಂಪನಿಯಲ್ಲಿದ್ದ ಶಿವಮೊಗ್ಗದ ಹುಡುಗನೊಬ್ಬ ಊಟಕ್ಕೆ ಬಂದ. ಹೊಸ ಬೈಕು. ಕೀಲಿಗೆ ಮನೆಯದು, ಆಫೀಸಿನದು, ಬೀರುವಿನದು, ಜೊತೆಗೊಂದು ಬಾಟಲಿ ಮುಚ್ಚಳ ತೆಗೆಯುವ ಸಾಧನ. ಭಾವ ಅವನನ್ನು ಒಳಗೆ ಕರೆಯಲೇ ಇಲ್ಲ. ಅಂಗಳದಲ್ಲೇ ನಿಲ್ಲಿಸಿಕೊಂಡು, “ಇಷ್ಟು ಚೆಂದದ ಗಾಡಿ ಕುತ್ತಿಗೆಗೆ ಬೀಸೋಕಲ್ಲು ಕಟ್ಟಿದ್ದೀಯಲ್ಲಪ್ಪ” ಎಂದು ಶುರು ಮಾಡಿದವರು, ಹೋಳಿಗೆ ಆರಿ ಹಪ್ಪಳವಾಗುವವರೆಗೂ ಬಿಡಲಿಲ್ಲ. ಹುಡುಗ ತಲೆಯಾಡಿಸಿದ, ಉಂಡ, ಗೊಂಚಲನ್ನು ಹಾಗೆಯೇ ಕುಲುಕಿಸಿಕೊಂಡು ಹೋದ. ಮಳೆಗಾಲದಲ್ಲಿ ಅವನದೇ ಫೋನು. ಧೌಲಾ ಕುಆಂ ಮೇಲ್ಸೇತುವೆಯ ನೆತ್ತಿಯಲ್ಲಿ ಗಾಡಿ ಆರಿಹೋಗಿದೆ, ಹಿಂದೆ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತಿವೆ. ಭಾವ ಮಳೆಯಲ್ಲೇ ಓಡಿದರು. ಅವನನ್ನೂ ಗಾಡಿಯನ್ನೂ ಕೆಳಗಿಳಿಸಿ ಮನೆಗೆ ಕರೆತಂದರು. “ನಾನು ಹೇಳಿರಲಿಲ್ವಾ” ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ನಾನಾಗಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದೆ!

ಭಾವನ ಕಾಳಜಿ ಕೀಲಿಗೆ ಮುಗಿಯುತ್ತಿರಲಿಲ್ಲ. ಸ್ವಿಚ್ಚಿನೊಳಗೆ ನೀರು ಹೋಗಬಾರದು, ದೂಳು ಹೋಗಬಾರದು. ಗಾಡಿ ತೊಳೆಯುವ ಭಯ್ಯಾ ಪೈಪು ಹಿಡಿದು ಬಂದಾಗ ಭಾವ ಉರಿಬಿಸಿಲಿನಲ್ಲಿ ಕೊಡೆ ಬಿಚ್ಚಿ ಹೊರಗೆ ಬರುತ್ತಿದ್ದರು. ತಮ್ಮ ತಲೆಗಲ್ಲ, ಸ್ವಿಚ್ಚಿಗೆ. ಮೇಲಿನ ಮನೆಯ ಪಂಜಾಬಿ ಆಂಟಿ ಬಾಲ್ಕನಿಯಿಂದ ಬಗ್ಗಿ, “ಭಾಯಿಸಾಬ್, ಬಾರಿಶ್ ಹೋ ರಹೀ ಹೈ ಕ್ಯಾ?” ಎಂದು ಮಳೆಯನ್ನು ವಿಚಾರಿಸಿದರೆ, ಇವರು ಪೈಪಿನ ಕಡೆ ಬೆರಳು ತೋರಿಸಿ, “ಹೋನೇವಾಲೀ ಹೈ ಜೀ”, ಇನ್ನೇನು ಬರಲಿದೆ ಎಂದು ಗಂಭೀರವಾಗಿ ಮಳೆಯ ಮುನ್ಸೂಚನೆ ಕೊಡುತ್ತಿದ್ದರು.

ಇನ್ನು ದಿಲ್ಲಿಯ ಜನವರಿ. ಅಕ್ಕ ಕಾಲಿಗಿಟ್ಟುಕೊಳ್ಳಲೆಂದು ಬಿಸಿನೀರಿನ ರಬ್ಬರ್ ಚೀಲ ತೆಗೆದರೆ ಅದರ ನಡುವೆ ಅಚ್ಚುಕಟ್ಟಾದ ಒಂದು ದುಂಡು ತೂತು. ತುಂಡು ಎಲ್ಲಿ ಹೋಯಿತೆಂದು ಹುಡುಕಬೇಕಾಗಲಿಲ್ಲ. ಅಂಗಳದಲ್ಲಿ ಬೈಕಿನ ಸ್ವಿಚ್ಚು ಕೆಂಪು ರಬ್ಬರಿನ ಟೋಪಿ ಹಾಕಿಕೊಂಡು ಬೆಚ್ಚಗೆ ಕೂತಿತ್ತು.

“ರೀ, ನನಗಿಂತ ಆ ಸ್ವಿಚ್ಚು ಹೆಚ್ಚಾಯ್ತಾ ನಿಮಗೆ?”

“ನಿನ್ನ ಕಾಲಿಗೆ ರಜಾಯಿ ಇದೆಯಲ್ಲೇ. ಅದಕ್ಕೆ ಯಾರಿದ್ದಾರೆ?”

ಮರುದಿನ ಹೊಸ ಚೀಲ ತಂದುಕೊಟ್ಟರೆನ್ನಿ. ಆದರೂ ಅಕ್ಕ ಆ ಬೈಕನ್ನು ‘ನನ್ನ ಸವತಿ’ ಎಂದೇ ಕರೆಯುತ್ತಿದ್ದಳು.

ಇಷ್ಟೆಲ್ಲ ಕಟ್ಟುನಿಟ್ಟಿನ ಭಾವನ ಎದುರಿಗೆ ಒಂದು ಬೇಸಿಗೆಯಲ್ಲಿ ನಮ್ಮ ಅಮ್ಮ ಬಂದು ನಿಂತಳು.

ಅಮ್ಮನ ವಿಷಯ ಇಲ್ಲಿ ಹೇಳಲೇಬೇಕು. ನಾವು ತುಮಕೂರಿನಲ್ಲಿದ್ದಾಗ ಅಪ್ಪ ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟವರು ಮನೆಗೆ ತಿರುಗಿ ಬರಲಿಲ್ಲ. ಅಂದಿನಿಂದ ಅಮ್ಮನಿಗೆ ಎರಡು ಚಕ್ರದ ಗಾಡಿ ಎಂದರೆ ಎದೆ ಹಿಡಿದುಕೊಳ್ಳುತ್ತದೆ. ಹಾಗೆಂದು ಅಳಿಯನಿಗೆ ಬೇಡವೆನ್ನುವ ಜೀವವಲ್ಲ ಅದು. “ಅವರ ಖುಷಿಗೆ ಅಡ್ಡ ಬರೋಕೆ ನಾನ್ಯಾರು” ಎನ್ನುತ್ತಾಳೆ. ಆದರೆ ಭಾವ ಬೆಟ್ಟಕ್ಕೆ ಹೋದಷ್ಟು ದಿನವೂ ತುಮಕೂರಿನಲ್ಲಿ ಅವಳಿಗೆ ನಿದ್ದೆಯಿಲ್ಲ. ಗೋಡೆಗೊರಗಿ ಕೂತು ಬೆಳಗು ಮಾಡುತ್ತಾಳೆ ಎಂದು ಪಕ್ಕದ ಮನೆಯವರು ನಮಗೆ ಹೇಳಿದ್ದರು. ನನಗೂ ಅಕ್ಕನಿಗೂ ಅದನ್ನು ಕೇಳಿ ಸಂಕಟವಾಗಿತ್ತು. ಭಾವನಿಗೂ ಹೇಳಿದ್ದೆವು.

ಆ ವರ್ಷ ಭಾವ ಸ್ಪಿತಿ ಕಣಿವೆಗೆ ಹೊರಡುವುದಿತ್ತು. ಹೊರಡುವ ವಾರ ಅಮ್ಮ ತನ್ನ ಟ್ರಂಕಿನಿಂದ ಒಂದು ಕೆಂಪು ವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಹಿತ್ತಾಳೆಯ ಆಂಜನೇಯ, ಕಾಲ ಬಳಿ ಒಂದು ಗೆಜ್ಜೆ, ತಲೆಯ ಮೇಲೆ ಕೀಲಿ ಪೋಣಿಸುವ ಒಂದು ಬಳೆ. ಅಂಗಡಿಯ ತೂಕದ ಕಲ್ಲಿಗೆ ಬಾಲ ಬಂದ ಹಾಗಿತ್ತು!

“ಅಳಿಯಂದ್ರೇ, ನಮ್ಮ ಬೀದಿ ಆಂಜನೇಯನ ಗುಡೀಲಿ ಪೂಜೆ ಮಾಡಿಸಿ ತಂದಿದ್ದೀನಿ. ಇದನ್ನ ಗಾಡಿ ಕೀಲಿಗೆ ಹಾಕ್ಕೊಳಿ.”

ಭಾವ ಆಂಜನೇಯನನ್ನು ಅಂಗೈಯಲ್ಲಿಟ್ಟುಕೊಂಡು ಒಮ್ಮೆ ತೂಗಿದರು. ಮುಖ ಬಾಡಿತು.

“ಜೇಬಲ್ಲಿ ಇಟ್ಕೊಂಡ್ರೆ ಆಗಲ್ವಾ ಅತ್ತೆ?”

“ಜೇಬು ಬೇಡ. ಅವನನ್ನ ತಿರುಗಿಸದೆ ಗಾಡಿ ಹೊರಡಬಾರದು. ಅಷ್ಟು ಮಾಡಿ, ನನಗೆ ನೆಮ್ಮದಿ.”

“ಆಗಲಿ ಅತ್ತೆ” ಎಂದುಬಿಟ್ಟರು ಭಾವ.

ಅಮ್ಮ ಒಳಗೆ ಹೋದ ಮೇಲೆ ಅಕ್ಕ ಉಪಾಯ ಹೇಳಿಕೊಟ್ಟಳು: ಬೀದಿ ತಿರುವಿನವರೆಗೆ ಇಟ್ಟುಕೊಳ್ಳಿ, ಆಮೇಲೆ ಬಿಚ್ಚಿ ಚೀಲಕ್ಕೆ ಹಾಕಿ, ಅಮ್ಮನಿಗೇನು ಗೊತ್ತಾಗುತ್ತೆ? ಭಾವ ಒಪ್ಪಲಿಲ್ಲ. “ಮಾತು ಕೊಟ್ಟಾಯ್ತಲ್ಲೇ” ಎಂದು ಅಂಗಳಕ್ಕೆ ಹೋಗಿ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಶನಿವಾರ ಬೈಕಿನ ಬಿಡಿಭಾಗಗಳು ಸಿಗುವ ಕರೋಲ್‌ಬಾಗಿಗೆ ಹೋಗಿ ಏನೇನೋ ತಂದರು, ಸೀಟು ಬಿಚ್ಚಿ ಸಂಜೆಯವರೆಗೂ ತಂತಿಗಳ ಜೊತೆ ಗುದ್ದಾಡಿದರು. ಕೇಳಿದರೆ, “ದೂರದ ಪ್ರಯಾಣ, ಸ್ವಲ್ಪ ರಿಪೇರಿ” ಎಂದರು.

ಭಾನುವಾರ ಬೆಳಿಗ್ಗೆ ಆ ಬೋಳು ಕೀಲಿಗೆ ಆಂಜನೇಯ ಏರಿದ್ದ. ಭಾವ ಅಮ್ಮನ ಕಾಲಿಗೆ ನಮಸ್ಕರಿಸಿ, ಬೈಕೇರಿ, ಎಲ್ಲರಿಗೂ ಕಾಣುವಂತೆ ಕೀಲಿ ತಿರುಗಿಸಿದರು. ಗೆಜ್ಜೆ ಘಲ್ಲೆಂದಿತು. ಸೀಟನ್ನು ಒಮ್ಮೆ ಸವರಿ ಕಿಕ್ ಹೊಡೆದರು, ಗಾಡಿ ಗುಡುಗಿತು. ಅಮ್ಮ ಕೈಮುಗಿದಳು. “ದಿಲ್ಲಿ ದಾಟಿ ಮುರ್ಥಲ್ ಧಾಬಾ ಹತ್ತಿರ ಬಿಚ್ಚಿಬಿಡ್ತಾರೆ ನೋಡು” ಎಂದು ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು.

ಆ ರಾತ್ರಿ ಅಮ್ಮ ಗೊರಕೆ ಹೊಡೆದು ಮಲಗಿದಳು. ಮರುರಾತ್ರಿಯೂ ಅಷ್ಟೇ. ಪಕ್ಕದಲ್ಲಿ ಮಲಗಿದ್ದ ನನಗೆ ನಿದ್ದೆ ಬರಲಿಲ್ಲ. ಗೊರಕೆಯಿಂದಷ್ಟೇ ಅಲ್ಲ. ಭಾವ ಹೇಳಿದ್ದ ಲಾರಿ ನೆನಪಾಗುತ್ತಿತ್ತು. ಇಷ್ಟು ಭಾರ ಹೊತ್ತು, ಆ ಕಲ್ಲುದಾರಿಯಲ್ಲಿ, ಆ ಸ್ವಿಚ್ಚು ಎಷ್ಟು ದಿನ ತಡೆದೀತು?

ತಡೆಯಿತು. ಭಾವ ಮೂಗಿನ ತುದಿ ಸುಟ್ಟುಕೊಂಡು, ಗಡ್ಡ ಬಿಟ್ಟುಕೊಂಡು, ಸುಖವಾಗಿ ಬಂದರು. ಆಂಜನೇಯ ಕೀಲಿಯಲ್ಲೇ ಇದ್ದ, ಅವನ ಮುಖಕ್ಕೂ ಸ್ಪಿತಿಯ ದೂಳು ಮೆತ್ತಿತ್ತು.

ಮುಂದಿನ ಭಾನುವಾರ ಅಂಗಳಕ್ಕೆ ನೀರಿನ ಟ್ಯಾಂಕರ್ ಬಂತು. ಬೈಕು ಅಡ್ಡ. ಭಾವ ಸ್ನಾನಕ್ಕೆ ಹೋಗಿದ್ದರು. ನಾನೇ ಕೀಲಿ ಹಿಡಿದು ಹೋಗಿ ತಿರುಗಿಸಿದೆ. ಗೆಜ್ಜೆ ಘಲ್ಲೆಂದಿತು. ದೀಪ ಹತ್ತಲಿಲ್ಲ. ಮತ್ತೆ ತಿರುಗಿಸಿದೆ, ಕಿಕ್ ಹೊಡೆದೆ. ಗೆಜ್ಜೆ ಬಿಟ್ಟರೆ ಬೇರೆ ಸದ್ದಿಲ್ಲ. ಮುಗಿಯಿತು, ಆಂಜನೇಯ ಸ್ವಿಚ್ಚನ್ನು ತಿಂದುಹಾಕಿದ!

ಭಾವ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಬಂದರು. ನನ್ನ ಮುಖ ನೋಡಿ ನಕ್ಕರು. ಸೀಟಿನ ಅಡಿಗೆ ಕೈ ಹಾಕಿ ಏನನ್ನೋ ಒತ್ತಿದರು. ದೀಪ ಹತ್ತಿತು.

“ಹೊಸ ಸ್ವಿಚ್ಚು. ಇಲ್ಲಿ ಮಳೆ ಇಲ್ಲ, ದೂಳಿಲ್ಲ, ತೂಕವಿಲ್ಲ.”

“ಮತ್ತೆ ಹಳೇದು?”

“ಅದರಲ್ಲಿ ಈಗ ಒಂದು ತಂತಿಯೂ ಇಲ್ಲ.”

ಕೊಡೆ ಹಿಡಿದು, ಟೋಪಿ ತೊಡಿಸಿ, ಹೆಂಡತಿಯ ಕೈಲಿ ಬೈಸಿಕೊಂಡು ಇಷ್ಟು ವರ್ಷ ಸಾಕಿದ ಸ್ವಿಚ್ಚಿಗೆ ಇವರೇ ನಿವೃತ್ತಿ ಕೊಟ್ಟಿದ್ದರು!

“ಆದರೂ ತಿರುಗಿಸ್ತೀರಾ?”

“ಮಾತು ಕೊಟ್ಟಿದ್ದೀನಲ್ಲಮ್ಮ. ಸ್ಪಿತಿಯ ಚಳಿಯಲ್ಲಿ ಕೈ ಮರಗಟ್ಟಿದಾಗಲೂ ಮೊದಲು ಇದನ್ನ ತಿರುಗಿಸಿಯೇ ಹೊರಟಿದ್ದು.”

“ತಂತಿಯೇ ಇಲ್ಲದ ಕೀಲಿ ಮಾಡೋ ಕೆಲಸ ಏನು ಭಾವ?”

ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಭಾವ ಅತ್ತ ನೋಡಿ ದನಿ ತಗ್ಗಿಸಿದರು.

“ಅತ್ತೆಗೆ ನಿದ್ದೆ ಬರಿಸುತ್ತೆ.”

ನಾನು ಕೀಲಿಯನ್ನು ಸುಮ್ಮನೆ ಇನ್ನೊಮ್ಮೆ ತಿರುಗಿಸಿದೆ. ಗೆಜ್ಜೆಯ ಸದ್ದು ಕೇಳಿ ಅಮ್ಮ ಕಿಟಕಿಗೆ ಬಂದಳು.

“ಅಳಿಯಂದ್ರು ಹೊರಟ್ರಾ? ಹುಷಾರಾಗಿ ಹೋಗಿಬನ್ನಿ.”

ಟವೆಲ್ ಉಟ್ಟ ನಮ್ಮ ಭಾವ ಬೈಕೇರಿ ಕೂತರು. “ಆಯ್ತು ಅತ್ತೆ, ಹೋಗ್ಬರ್ತೀನಿ” ಎಂದರು. ಗಾಡಿಯನ್ನು ಟ್ಯಾಂಕರಿನ ದಾರಿಯಿಂದ ಸರಿಸಿ, ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ನಡೆದು ವಾಪಸ್ಸು ಬಂದರು.